ಬಚ್ಚಲಲ್ಲಿ ಬೆಳೆದ ಗದ್ದೆ

ಮುರಳೀಧರನ ತಲೆಯೊಳಗೆ ಆ ಹೊತ್ತಿಗೆ ನಲವತ್ತೆರಡು ಕತೆಗಳಿದ್ದವು. ಹೊರಗೆ ಒಂದೂ ಇರಲಿಲ್ಲ.

ತುಮಕೂರಿನ ಕಡೆಯಿಂದ ಮದರಾಸಿಗೆ ಬಂದು, ರೈಲ್ವೆ ಕಚೇರಿ ಸೇರಿ, ಊರಿನ ಹೆಸರು ಚೆನ್ನೈ ಎಂದಾದದ್ದನ್ನೂ ನೋಡಿ, ಈಗ ಹೆಡ್ ಕ್ಲರ್ಕ್ ಆಗಿದ್ದ. ವೇಲಚೇರಿಯಲ್ಲಿ ಮೂರನೇ ಮಹಡಿಯ ಮನೆ. ಹೆಂಡತಿ ನಾಗಮಣಿ, ಕಾಲೇಜಿಗೆ ಹೋಗುವ ಮಗಳು ನೇಹಾ. ಊರಿನ ಕನ್ನಡ ಬಳಗದವರು ಅವನನ್ನು ಹೊಸಬರಿಗೆ ಪರಿಚಯಿಸುವಾಗ ‘ನಮ್ಮ ಕತೆಗಾರರು’ ಎನ್ನುತ್ತಿದ್ದರು. ಅವನು ಅದನ್ನು ತಿದ್ದುತ್ತಿರಲಿಲ್ಲ. ಏನು ಬರೆದಿದ್ದೀರಿ ಎಂದು ಯಾರಾದರೂ ಮರ್ಯಾದೆಯಿಲ್ಲದೆ ಕೇಳಿಬಿಟ್ಟರೆ, ‘ಬರೆಯೋದು ದೊಡ್ಡ ವಿಷಯ ಅಲ್ಲ ಬಿಡಿ, ಒಳಗೆ ಹಣ್ಣಾಗಬೇಕು’ ಎಂದು ಕಣ್ಣು ಅರ್ಧ ಮುಚ್ಚುತ್ತಿದ್ದ. ಹಣ್ಣಾಗುತ್ತಾ ಹದಿನೆಂಟು ವರ್ಷವಾಗಿತ್ತು.

ಪ್ರಯತ್ನ ಮಾಡಿರಲಿಲ್ಲ ಎನ್ನುವಂತಿಲ್ಲ. ಬಸ್ಸಿನಲ್ಲಿ ಹೊಳೆದದ್ದನ್ನು ಟಿಕೆಟ್ಟಿನ ಹಿಂದೆ ಬರೆದು ಜೇಬಿಗೆ ಹಾಕುತ್ತಿದ್ದ. ಅಂಗಿ ಒಗೆತಕ್ಕೆ ಹೋಗುತ್ತಿತ್ತು, ಕತೆ ಉಂಡೆಯಾಗಿ ಹೊರಬರುತ್ತಿತ್ತು. ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡ. ಅದರ ಮೊದಲ ಪುಟದಲ್ಲಿ ‘ಹಸಿರು. ಅಳು. ಮೂರನೆಯವನು?’ ಎಂದಿತ್ತು. ಮೂರನೆಯವನು ಯಾರು, ಅವನು ಯಾಕೆ ಅತ್ತ, ಅಥವಾ ಅತ್ತದ್ದು ಹಸಿರೋ ಎಂಬುದನ್ನು ಬರೆದವನಿಗೇ ಹೇಳಲಾಗಲಿಲ್ಲ. ಆ ಪುಸ್ತಕವನ್ನು ನಾಗಮಣಿ ಹಾಲಿನವನ ಲೆಕ್ಕಕ್ಕೆ ತೆಗೆದುಕೊಂಡಳು.

ಕತೆಗಳು ನಿಜವಾಗಿ ಬರುತ್ತಿದ್ದದ್ದು ಸ್ನಾನಕ್ಕೆ ಕೂತಾಗ. ಮೊದಲ ಚೊಂಬು ನೆತ್ತಿಗೆ ಬೀಳುತ್ತಲೇ ಪಾತ್ರಗಳು ಎದ್ದು ನಿಲ್ಲುತ್ತಿದ್ದವು, ಮೂರನೆಯದಕ್ಕೆ ಮಾತಾಡುತ್ತಿದ್ದವು. ಟವೆಲ್ ಸುತ್ತಿಕೊಂಡು ಹೊರಗೆ ಕಾಲಿಡುವಷ್ಟರಲ್ಲಿ ಹೆಸರೂ ಇಲ್ಲ, ಊರೂ ಇಲ್ಲ. ಬರೀ ಒಂದು ದೊಡ್ಡ ಕತೆ ಬಂದು ಹೋಯಿತೆಂಬ ಹೆಮ್ಮೆ ಉಳಿಯುತ್ತಿತ್ತು. ಆ ಹೆಮ್ಮೆಯಲ್ಲಿ ಎರಡು ಇಡ್ಲಿ ಹೆಚ್ಚಾಗಿ ತಿಂದು ಆಫೀಸಿಗೆ ಹೊರಡುತ್ತಿದ್ದ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಚೆನ್ನೈಗೆ ನೀರಿಲ್ಲದಂತಾಯಿತು. ಕೆರೆಗಳು ಒಣಗಿ, ಬೋರ್‌ವೆಲ್ಲು ಗಾಳಿ ಉಗುಳತೊಡಗಿ, ಕಟ್ಟಡದವರೆಲ್ಲ ಲಾರಿ ನೀರಿಗೆ ಕಾಯುವಂತಾಯಿತು. ನಾಗಮಣಿ ಪ್ರತಿಯೊಬ್ಬರಿಗೆ ದಿನಕ್ಕೆ ಒಂದೇ ಬಕೆಟ್ ಎಂದು ವಿಧಿಸಿದಳು. ಅವಳ ಸಮಸ್ಯೆ ಅಡಿಗೆ, ಪಾತ್ರೆ, ಬಟ್ಟೆ. ಮುರಳೀಧರನ ಸಮಸ್ಯೆ ಅದಕ್ಕಿಂತ ಗಂಭೀರವಾಗಿತ್ತು.

“ಒಂದು ಬಕೆಟ್‌ನಲ್ಲಿ ನಾನು ಏನು ಸೃಷ್ಟಿ ಮಾಡಲಿ?” ಎಂದ.

“ಸೋಪು ಹೋಗೋ ಹಾಗೆ ತೊಳ್ಕೊಂಡ್ರೆ ಸಾಕು” ಎಂದಳು ನಾಗಮಣಿ.

ಕೊರತೆಯೇ ಅವನಿಗೆ ಒಂದು ದಾರಿ ತೋರಿಸಿತು. ಹೊಳೆದದ್ದನ್ನು ಆರುವ ಮೊದಲೇ ಹಿಡಿಯಬೇಕು. ತಾನು ಒಳಗಿನಿಂದ ಹೇಳುತ್ತೇನೆ, ಬಾಗಿಲ ಹೊರಗೆ ಯಾರಾದರೂ ಕೂತು ಬರೆದುಕೊಳ್ಳಲಿ. ಆ ಹೊತ್ತಿನಲ್ಲಿ ನಾಗಮಣಿಗೆ ಬಚ್ಚಲಿನ ಪಕ್ಕದ ಅಡಿಗೆಮನೆಯಲ್ಲಿ ಊಟದ ಡಬ್ಬಿ ತುಂಬುವ ಕೆಲಸ. ಹೀಗಾಗಿ ಕನ್ನಡ ಸಾಹಿತ್ಯದ ಹೊಣೆ ನೇಹಾಳ ಮೇಲೆ ಬಿತ್ತು. ಅವಳ ಕಾಲೇಜು ಮಧ್ಯಾಹ್ನದ ಶಿಫ್ಟು.

ನೇಹಾ ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಲ್ಲಿ ಬರುತ್ತಿತ್ತು. ಕನ್ನಡ ಅಕ್ಷರ ಅವಳಿಗೆ ಬಾರದು. ಶಾಲೆಯಲ್ಲಿ ಕಲಿತದ್ದು ತಮಿಳು ಲಿಪಿ, ಹಾಗಾಗಿ ಅಪ್ಪನ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ಆ ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ತ ಮತ್ತು ದ ಎರಡಕ್ಕೂ ಒಂದೇ. ಇದು ಮುರಳೀಧರನಿಗೆ ಗೊತ್ತಿರಲಿಲ್ಲ ಎಂದಲ್ಲ. ಆ ಲಿಪಿಯ ಬೋರ್ಡು ನೋಡಿ ನೋಡಿ ದಿನವೂ ಬಸ್ಸು ಹತ್ತುತ್ತಿದ್ದ. ಇಂಥ ಸಣ್ಣ ವಿಷಯ ದೊಡ್ಡ ಕತೆಗಾರರ ಲಕ್ಷ್ಯಕ್ಕೆ ಬರುವುದಿಲ್ಲ, ಅಷ್ಟೆ.

ಕತೆಯ ಹೆಸರು ‘ಮೂರು ಪಾಲಿನ ಗದ್ದೆ’. ಅಪ್ಪ ಸತ್ತ ಮೇಲೆ ಮೂವರು ಅಣ್ಣತಮ್ಮಂದಿರು ಒಂದು ಗದ್ದೆಗಾಗಿ ಜಗಳವಾಡುತ್ತಾರೆ, ಪಾಲು ಮಾಡುತ್ತಾರೆ, ಎಲ್ಲರೂ ಅಳುತ್ತಾರೆ. ಮುರಳೀಧರನ ತಂದೆ ಪೋಸ್ಟ್‌ಮಾಸ್ಟರ್, ತಾತ ಪೋಸ್ಟ್‌ಮಾಸ್ಟರ್. ಗದ್ದೆಯನ್ನು ಅವನು ಹತ್ತಿರದಿಂದ ನೋಡಿದ್ದು ರೈಲಿನ ಕಿಟಕಿಯಿಂದ, ಅದೂ ಪಾಸ್ ಇದ್ದಾಗ. ಆದರೆ ಗದ್ದೆಯಿಲ್ಲದೆ ಗಂಭೀರ ಕತೆ ಆಗುವುದಿಲ್ಲವೆಂದು ಅವನು ಬಲವಾಗಿ ನಂಬಿದ್ದ.

“ಬರ್ಕೋ” ಎಂದು ಬಾಗಿಲ ಹಿಂದಿನಿಂದ ಕೂಗುತ್ತಿದ್ದ. “ರಂಗಪ್ಪ ಗದ್ದೆಯನ್ನು ದಿಟ್ಟಿಸಿ ನೋಡಿದ. ಈ ಗದ್ದೆ ನನ್ನ ತಾಯಿ ಎಂದ.”

“ಅಪ್ಪಾ, ಮೆದುವಾ ಸೊಲ್ಲುಂಗ” ಎಂದು ನೇಹಾ ನಿಧಾನವಾಗಿ ಹೇಳಲು ಬೇಡುತ್ತಿದ್ದಳು.

“ನಿಧಾನ ಅಂದ್ರೆ ನೀರು ಸಾಲಲ್ಲಮ್ಮ.”

ಒಂದು ಬಕೆಟ್ಟಿಗೆ ಒಂದು ಪುಟ ಬರುತ್ತಿತ್ತು. ಮರುದಿನ ನೇಹಾ ಹಿಂದಿನ ದಿನದ ಕೊನೆಯ ಸಾಲನ್ನು ಬಾಗಿಲ ಸಂದಿಯಲ್ಲಿ ಓದುತ್ತಿದ್ದಳು, ಅವನು ಒಂದು ಚೊಂಬು ಸುರಿದುಕೊಂಡು ಮುಂದುವರಿಸುತ್ತಿದ್ದ. ಹದಿನಾರು ಸ್ನಾನಕ್ಕೆ ಕತೆ ಮುಗಿಯಿತು. ಆ ಹದಿನಾರು ದಿನ ಅವನ ಬೆನ್ನಿಗೆ ಸೋಪು ಮುಟ್ಟಿದ್ದು ಸಂಶಯ. ಕೊನೆಯ ಸಾಲು ಹೇಳಿ ಮುಗಿಸಿ ಟವೆಲ್ ಸುತ್ತಿಕೊಂಡ. ಹೊರಗೆ ಬಂದು ಮಗಳ ತಲೆ ಸವರಿದ. “ಕೈ ಈರಮಾ ಇರುಕ್ಕುಪ್ಪಾ” ಎಂದು ಅವಳು ಅವನ ಒದ್ದೆ ಕೈ ಸರಿಸಿ ತಲೆ ಒರೆಸಿಕೊಂಡಳು.

ಇನ್ನು ಅದನ್ನು ಕನ್ನಡಕ್ಕಿಳಿಸಬೇಕಿತ್ತು. ನಾಳೆ, ನಾಳಿದ್ದು ಎನ್ನುವುದರಲ್ಲಿ ಸೆಪ್ಟೆಂಬರ್ ಬಂತು. ಮುರಳೀಧರನನ್ನು ಇಲಾಖೆಯವರು ಮೂರು ವಾರದ ತರಬೇತಿಗೆ ಸಿಕಂದರಾಬಾದಿಗೆ ಕಳಿಸಿದರು. ಅವನು ಹೋದ ಐದನೇ ದಿನ ಬಳಗದ ಕಾರ್ಯದರ್ಶಿ ಅಪ್ಪಾಜಿ ಮನೆಗೆ ಫೋನ್ ಮಾಡಿ, ರಾಜ್ಯೋತ್ಸವದ ಸಂಚಿಕೆ ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಕತೆಗಾರರ ಕತೆ ಈ ವರ್ಷವಾದರೂ ಸಿಗುತ್ತದೆಯೇ ಎಂದು ವಿಚಾರಿಸಿದ. ಸುದ್ದಿ ತಿಳಿದ ಮುರಳೀಧರ ಎಸ್‌ಟಿಡಿ ಬೂತಿನಿಂದ ಹೆಂಡತಿಗೆ ಅಪ್ಪಣೆ ಕೊಟ್ಟ.

“ನಿಂಗೆ ಎರಡು ಲಿಪಿನೂ ಬರತ್ತಲ್ಲ. ನೇಹಾ ಬರೆದಿದ್ದನ್ನ ಕನ್ನಡದಲ್ಲಿ ಇಳಿಸಿ ಅಪ್ಪಾಜಿಗೆ ಕಳಿಸು. ಆದ್ರೆ ಒಂದು ವಿಷಯ, ನಿನ್ನ ಕಡೆಯಿಂದ ಒಂದು ಪದ ಸೇರಿಸಬಾರದು, ಒಂದು ಪದ ತೆಗೀಬಾರದು.”

“ಇಲ್ಲ ಬಿಡಿ” ಎಂದಳು ನಾಗಮಣಿ. “ಅಲ್ಲಿ ನೀರು ಬರತ್ತಾ?”

“ಧಾರಾಳ” ಎಂದ. ಅಲ್ಲಿ ಷವರ್ ಇತ್ತು. ಬರೆದುಕೊಳ್ಳುವವರಿಲ್ಲದೆ ಆ ಮೂರು ವಾರದಲ್ಲಿ ಒಂದು ಕಾದಂಬರಿಯೇ ಚರಂಡಿಗೆ ಹೋಯಿತೆಂದು ಆಮೇಲೆ ಹೇಳಿಕೊಂಡ.

ನವೆಂಬರಿನ ಒಂದು ಭಾನುವಾರ ಕೀಲ್ಪಾಕಿನ ಶಾಲೆಯೊಂದರ ಸಭಾಂಗಣದಲ್ಲಿ ಬಳಗದ ಸಮಾರಂಭ ನಡೆಯಿತು. ಮುರಳೀಧರ ರೇಷ್ಮೆ ಜುಬ್ಬ ಹಾಕಿಕೊಂಡು ಬಂದಿದ್ದ. ಸಂಚಿಕೆಯ ಪ್ರತಿಗಳನ್ನು ಹಂಚಿದರು. ಅವನು ಅವಸರವಿಲ್ಲದವನಂತೆ ಜಾಹೀರಾತುಗಳನ್ನು ನೋಡಿ, ಅಧ್ಯಕ್ಷರ ಸಂದೇಶದ ಮೇಲೆ ಕಣ್ಣಾಡಿಸಿ, ಹನ್ನೊಂದನೇ ಪುಟ ತೆರೆದ.

ಮೂರು ಪಾಲಿನ ಕತ್ತೆ. ಮುರಳೀಧರ, ವೇಲಚೇರಿ.

ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಕತ್ತೆಯೇ. ಶೀರ್ಷಿಕೆ ಅಚ್ಚಿನ ತಪ್ಪಿರಬಹುದೆಂದು ಒಳಗೆ ಇಣುಕಿದ. ‘ರಂಗಪ್ಪ ಕತ್ತೆಯನ್ನು ದಿಟ್ಟಿಸಿ ನೋಡಿದ. ಈ ಕತ್ತೆ ನನ್ನ ತಾಯಿ ಎಂದ.’ ಮುಂದೆ ಓದುತ್ತಾ ಹೋದ. ಅಣ್ಣತಮ್ಮಂದಿರು ಕತ್ತೆಯನ್ನು ಮೂರು ಪಾಲು ಮಾಡಲು ಪಂಚಾಯಿತಿ ಸೇರಿಸಿದ್ದರು. ಸರ್ವೆಯವನು ಬಂದು ಕತ್ತೆಗೆ ಸರಪಳಿ ಹಿಡಿದು ಅಳೆದಿದ್ದ. ಕತ್ತೆಯ ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಈಶ್ವರನ ಗುಡಿ ಎಂದು ಕಾಗದದಲ್ಲಿ ಬರೆದಿದ್ದ. ತಾಲ್ಲೂಕು ಕಚೇರಿಯಲ್ಲಿ ಕತ್ತೆಯ ಪಹಣಿ ನಡುವಣವನ ಹೆಸರಿಗೆ ಆಗಿತ್ತು. ಕಿರಿಯವನು ತನ್ನ ಪಾಲಿನ ಕತ್ತೆಗೆ ಬೇಲಿ ಹಾಕಿದ್ದ. ಮುರಳೀಧರ ಬಚ್ಚಲಲ್ಲಿ ಕಣ್ಣೀರು ಸುರಿಸುತ್ತಾ ಹೇಳಿದ್ದ ‘ಅವನ ಬದುಕಿನ ಗುರಿ ಕಳೆದುಹೋಗಿತ್ತು’ ಎಂಬ ಸಾಲು ‘ಅವನ ಬದುಕಿನ ಕುರಿ ಕಳೆದುಹೋಗಿತ್ತು’ ಎಂದಾಗಿತ್ತು.

ಎದ್ದು ಹೋಗೋಣವೆಂದರೆ ಮೊದಲ ಸಾಲಿನ ನಡುವಿನ ಕುರ್ಚಿ. ಆಗಲೇ ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವರು ಪುಟ ಕೇಳಿದರು, ಅವರೂ ತಿರುವಿದರು. ಸ್ವಾಗತ ಭಾಷಣ ಮುಗಿಯುವ ಮುಂಚೆಯೇ ಸಭೆಯ ಅರ್ಧ ಜನ ಭುಜ ಕುಣಿಸುತ್ತಾ ನಗುತ್ತಿದ್ದರು.

ಮುಖ್ಯ ಅತಿಥಿ ನಿವೃತ್ತ ಪ್ರಾಧ್ಯಾಪಕ ತಮ್ಮಯ್ಯನವರು. ಜಗತ್ತಿನಲ್ಲಿ ಯಾವುದನ್ನು ಕೊಟ್ಟರೂ ಅದರಲ್ಲಿ ವ್ಯವಸ್ಥೆಯ ವಿಡಂಬನೆಯನ್ನು ಕಾಣಬಲ್ಲವರು. ಭಾಷಣದ ನಡುವೆ ಕತೆಗೆ ಬಂದರು. “ನೋಡಿ, ಈ ಲೇಖಕ ನಗುವುದೇ ಇಲ್ಲ. ಒಂದು ಕತ್ತೆಗೆ ಪಹಣಿ ಮಾಡಿಸುವಾಗಲೂ ಶೋಕದ ದನಿಯಲ್ಲೇ ಬರೆಯುತ್ತಾನೆ. ಇಂಥ ಸಂಯಮ ಅಪರೂಪ. ಮತ್ತೆ ಆ ಕುರಿ. ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ಕುರಿಯನ್ನು ಅರ್ಥಮಾಡಿಕೊಳ್ಳಲು ನನಗೇ ಸಮಯ ಬೇಕು.”

ಮುರಳೀಧರನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಈ ವಸ್ತು ಹೇಗೆ ಹೊಳೆಯಿತೆಂದು ಎರಡು ಮಾತು ಹೇಳಿ ಎಂದು ಅಪ್ಪಾಜಿ ಮೈಕು ಕೊಟ್ಟ. ಸತ್ಯ ಹೇಳುವುದಕ್ಕೆ ಅವನಿಗೆ ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣದಲ್ಲಿ ಎದುರಿಗಿದ್ದವರು ಚಪ್ಪಾಳೆ ತಟ್ಟಿದರು.

“ಕತ್ತೆಯನ್ನು ನಾವು ಹಗುರವಾಗಿ ಕಾಣುತ್ತೇವೆ” ಎಂದು ಆರಂಭಿಸಿದ. ಹತ್ತು ನಿಮಿಷ ಮಾತಾಡಿದ.

ಮನೆಗೆ ಬಂದು ಶಾಲನ್ನು ಸೋಫಾದ ಮೇಲೆ ಎಸೆದ. ನೇಹಾ ಟಿವಿಯ ಸದ್ದು ಕಡಿಮೆ ಮಾಡಿ ತನ್ನ ಕೋಣೆಗೆ ನಡೆದಳು.

“ಗದ್ದೆ ಕತ್ತೆ ಆಗಿದೆ” ಎಂದ ಮುರಳೀಧರ.

“ಹೂಂ” ಎಂದಳು ನಾಗಮಣಿ.

“ಹೂಂ ಅಂದ್ರೆ? ತಮಿಳಲ್ಲಿ ಎರಡೂ ಒಂದೇ ಥರ ಕಾಣತ್ತೆ, ನಿಂಗೆ ಗೊತ್ತಾಗಲಿಲ್ಲ, ಒಪ್ಕೋತೀನಿ. ಆದ್ರೆ ಸ್ವಲ್ಪ ಯೋಚನೆ ಮಾಡಬೇಕಿತ್ತು. ಕತ್ತೆಗೆ ಯಾರಾದ್ರೂ ಬೇಲಿ ಹಾಕ್ತಾರಾ?”

ನಾಗಮಣಿ ಕಾಫಿ ಲೋಟ ಅವನ ಮುಂದಿಟ್ಟು ಎದುರಿಗೆ ಕೂತಳು.

“ಗೊತ್ತಾಗದೇ ಏನು? ಹದಿನಾರು ದಿನ ಕುಕ್ಕರ್ ಪಕ್ಕ ನಿಂತು ಕೇಳಿದ್ದೀನಿ. ಬಚ್ಚಲಿಂದ ನೀವು ಗದ್ದೆ ಗದ್ದೆ ಅಂತ ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿದೆ. ಅದು ಏನು ಅಂತ ಅವರು ನನ್ನನ್ನ ಕೇಳಿದ್ರು.”

ಮುರಳೀಧರನಿಗೆ ಇದು ಹೊಳೆದೇ ಇರಲಿಲ್ಲ. “ಮತ್ತೆ?”

“ಬರೆಯೋಕೆ ಕೂತಾಗ ಮೊದಲನೇ ಸಾಲಲ್ಲಿ ಕಣ್ಣು ತಪ್ಪಿ ಕತ್ತೆ ಅಂತ ಓದ್ಕೊಂಡೆ. ನಗು ಬಂತು. ತಿದ್ದೋಣ ಅಂತ ಇದ್ದೆ. ಮುಂದಿನ ಸಾಲು ಇನ್ನೂ ನಗು ತರಿಸ್ತು. ಸರ್ವೆಯವನು ಬರೋ ಹೊತ್ತಿಗೆ ಕಣ್ಣಲ್ಲಿ ನೀರು. ನೇಹಾ ಬಂದು ಏನಾಯ್ತಮ್ಮ ಅಂತ ಕೇಳಿದ್ಲು, ಅವಳಿಗೂ ಓದಿದೆ. ಇಬ್ಬರೂ ಇಲ್ಲೇ ನೆಲದ ಮೇಲೆ ಕೂತು ನಕ್ಕಿದ್ದೀವಿ. ಈ ವರ್ಷ ನೀರಿಗೆ ಓಡಿ ಓಡಿ, ನಾನು ನಕ್ಕು ಎಷ್ಟು ದಿನ ಆಗಿತ್ತೋ. ಆಮೇಲೆ ತಿದ್ದೋಕೆ ಮನಸ್ಸು ಬರಲಿಲ್ಲ.”

“ಒಂದು ಪದ ಸೇರಿಸಬೇಡ ಅಂದಿದ್ದೆ.”

“ಸೇರಿಸಿಲ್ಲ. ನೇಹಾ ಏನು ಬರೆದಿದ್ಲೋ ಅದನ್ನೇ ಓದಿದ್ದೀನಿ.”

ಮುರಳೀಧರ ಎರಡು ದಿನ ಹೆಂಡತಿಯ ಜತೆ ಮಾತು ಬಿಟ್ಟ. ಹೊರಗಿನವರ ಜತೆ ಬಿಡಲು ಸಾಧ್ಯವಿರಲಿಲ್ಲ. ಅಭಿನಂದಿಸಲು ಫೋನ್‌ಗಳು ಬರುತ್ತಲೇ ಇದ್ದವು, ಎಲ್ಲಕ್ಕೂ ವಿನಯದಿಂದ ಉತ್ತರಿಸಬೇಕಾಗುತ್ತಿತ್ತು.

ಮೂರನೇ ದಿನ ತಿರುವೊಟ್ಟಿಯೂರಿನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವನು ರಮೇಶ್, ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಊರು ಮಳವಳ್ಳಿ. ‘ನಮ್ಮ ಮನೆಯಲ್ಲೂ ಒಂದು ಕತ್ತೆ ಇದೆ ಸಾರ್, ಎರಡೂವರೆ ಎಕರೆ’ ಎಂದು ಆರಂಭಿಸಿದ್ದ. ಅದಕ್ಕಾಗಿ ಮೂವರು ಅಣ್ಣತಮ್ಮಂದಿರು ಆರು ವರ್ಷದಿಂದ ಮಾತಾಡಿರಲಿಲ್ಲವಂತೆ. ಕತೆ ಓದಿ ನಕ್ಕು, ಆ ನಗುವಿನಲ್ಲೇ ಅಣ್ಣನಿಗೆ ಫೋನ್ ಮಾಡಿ, ಸರ್ವೆಯವನ ಭಾಗವನ್ನು ಓದಿ ಹೇಳಿದನಂತೆ. ಅಣ್ಣನೂ ನಕ್ಕನಂತೆ. ‘ಪಾಲಿನ ವಿಷಯ ಇನ್ನೂ ಹಾಗೇ ಇದೆ ಸಾರ್. ಆದರೆ ಅತ್ತಿಗೆ ಸಂಕ್ರಾಂತಿಗೆ ಬನ್ನಿ ಅಂದರು.’

ಮುರಳೀಧರ ಪತ್ರವನ್ನು ಮೂರು ಸಲ ಓದಿದ. ತಾನು ಹೇಳಿದ್ದನ್ನು ಯಾರೋ ಅಪರಿಚಿತರು ಓದಿ ಏನೋ ಮಾಡಿದ್ದು ಬದುಕಿನಲ್ಲಿ ಇದೇ ಮೊದಲು. ಎದೆ ತುಂಬಿ ಬಂತು. ಆದರೆ ಅದು ತನ್ನ ಗದ್ದೆಗಲ್ಲ, ಹೆಂಡತಿಯ ಕತ್ತೆಗೆ ಬಂದ ಪತ್ರ ಎಂಬುದೂ ನೆನಪಾಯಿತು. ಮಾತು ಬಿಟ್ಟದ್ದನ್ನು ಮರೆತು ಅಡಿಗೆಮನೆಗೆ ಹೋಗಿ ಅವಳ ಕೈಗೆ ಕೊಟ್ಟ. ನಾಗಮಣಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಓದಿದಳು.

“ಉತ್ತರ ಬರೀರಿ” ಎಂದಳು.

“ಬರೀತೀನಿ. ಮೊದಲು ಮನಸ್ಸಲ್ಲಿ ಸ್ವಲ್ಪ…”

“ಈಗಲೇ ಬರೀರಿ.” ಅವಳು ಊಟದ ಮೇಜಿನ ಮೇಲೆ ಕಾಗದ, ಪೆನ್ನು ಇಟ್ಟು ಕುರ್ಚಿ ಎಳೆದಳು.

ಮುರಳೀಧರ ಕೂತ. ಮೈ ಒಣಗಿತ್ತು, ಬಟ್ಟೆ ಹಾಕಿಕೊಂಡಿದ್ದ, ಸುತ್ತ ಒಂದು ಹನಿ ನೀರಿರಲಿಲ್ಲ. ಆದರೂ ಪೆನ್ನು ಓಡಿತು. ತಾತನ ಕಾಲದಲ್ಲಿ ತಮ್ಮ ಮನೆಯಲ್ಲಿ ಮೂರು ಕತ್ತೆಗಳಿದ್ದವೆಂದೂ, ಅವುಗಳಲ್ಲಿ ಕುಂಟು ಕಾಲಿನದೊಂದು ತನ್ನನ್ನು ಶಾಲೆಯವರೆಗೆ ಬಿಟ್ಟುಬರುತ್ತಿತ್ತೆಂದೂ, ಅದನ್ನು ಮಾರಿದ ದಿನವೇ ಈ ಕತೆಯ ಬೀಜ ಮನಸ್ಸಿನಲ್ಲಿ ಬಿತ್ತೆಂದೂ ನಾಲ್ಕು ಪುಟ ಬರೆದ. ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ.

ನಾಗಮಣಿ ನಾಲ್ಕೂ ಪುಟ ನಿಂತೇ ಓದಿದಳು. ಕುಂಟು ಕಾಲಿನ ಜಾಗದಲ್ಲಿ ಅವಳ ತುಟಿ ಒಂದಿಷ್ಟು ಅಲುಗಿತು.

“ನಿಮ್ಮ ತಾತ ಪೋಸ್ಟ್‌ಮಾಸ್ಟರ್ ಅಲ್ವಾ?” ಎಂದಳು.

“ಹೌದು.”

“ಚೆನ್ನಾಗಿದೆ” ಎಂದು ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿದಳು. ಸಂಜೆ ತರಕಾರಿಗೆ ಹೋಗುವಾಗ ದಾರಿಯ ಅಂಚೆಪೆಟ್ಟಿಗೆಗೆ ಹಾಕಿ ಬಂದಳು.