ನಿನ್ನೆಯ ಕೊನೆಯ ಪದ್ಯ

ನಳಿನಿ ಬಾಲ್ಕನಿಗೂ ಮೇಜಿಗೂ ನಡುವೆ ಎಷ್ಟು ಸಲ ಓಡಾಡಿದಳೋ. ಕುಕ್ಕರ್ ಮೂರು ಸಲ ಕೂಗಿದ್ದೂ ಕಿವಿಗೆ ಬೀಳಲಿಲ್ಲ. ಮೇಜಿನ ಮೇಲೆ ಮಗಳು ಮೇದಿನಿಯ ಹೊಸ ಲ್ಯಾಪ್‌ಟಾಪು, ಅದಕ್ಕೆ ತಂತಿಯಿಂದ ಕಟ್ಟಿಹಾಕಿದಂತೆ ಹಳೆಯ ಮ್ಯೂಸಿಕ್ ಪ್ಲೇಯರು. ಅದರ ಹೊಟ್ಟೆಯೊಳಗಿಂದ ಆಗಾಗ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು.

ಅದರಲ್ಲಿ ನಳಿನಿಯ ಅಪ್ಪ ಸುಬ್ಬರಾಯರ ಕಾವ್ಯವಾಚನವಿತ್ತು, ನಲವತ್ತೆರಡು ದಿನದ್ದು. ಅಪ್ಪ ಹೋಗಿ ಒಂಬತ್ತು ವರ್ಷ. ಧ್ವನಿ ಹಿಡಿದಿಟ್ಟ ಅವಳ ತಮ್ಮ ಹರಿಪ್ರಸಾದನ ಬಳಿ ಮೂಲ ಉಳಿದಿಲ್ಲ. ಗಂಡ ಕಿಶೋರನಿಗೆ ವಡೋದರಾದಿಂದ ಅಹಮದಾಬಾದಿಗೆ ಬ್ಯಾಂಕಿನವರು ವರ್ಗ ಮಾಡಿದಾಗ, "ಪ್ಲೇಯರಲ್ಲಿ ಎಲ್ಲಾ ಇದೆಯಲ್ಲೇ" ಎಂದು ಅವನು ಇನ್ನೊಂದು ಪ್ರತಿಯಿದ್ದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದ. ಬೋಡಕ್‌ದೇವ್‌ನ ಈ ಮನೆಗೆ ಬಂದಂದಿನಿಂದ ಬೆಳಿಗ್ಗೆ ತರಕಾರಿ ಹೆಚ್ಚುತ್ತ ದಿನಕ್ಕೊಂದು ವಾಚನ ಕೇಳುವುದೇ ನಳಿನಿಯ ಪೂಜೆ. ನಿನ್ನೆ ಪ್ಲೇಯರು ಪದ್ಯದ ನಡುವೆಯೇ ನಿಂತುಬಿಟ್ಟಿತು. ನವರಂಗಪುರದ ರಿಪೇರಿ ಅಂಗಡಿಯ ಮಹೇಶ್‌ಭಾಯ್ ಅದನ್ನು ಕಿವಿಗಿಟ್ಟುಕೊಂಡು, "ಬೆನ್, ಜಲ್ದಿ ನಿಕಾಲ್ ಲೋ. ಕಲ್ ಕಾ ಭರೋಸಾ ನಹೀಂ" ಎಂದಿದ್ದ. ಒಳಗಿರುವುದನ್ನು ಬೇಗ ತೆಗೆದುಕೊಳ್ಳಿ ಅಕ್ಕಾ, ನಾಳೆಯ ಭರವಸೆಯಿಲ್ಲ ಎಂಬ ಆ ಮಾತು ರಾತ್ರಿಯೆಲ್ಲ ಅವಳನ್ನು ಮಗ್ಗುಲು ಬದಲಿಸುವಂತೆ ಮಾಡಿತ್ತು.

"ಇದರಲ್ಲಿ ಇರೋದೆಲ್ಲ ಅಳಿಸಿ ಹೊಸದಾಗಿ ತುಂಬಲಾ ಅಂತ ಕೇಳ್ತಿದೆ," ಎಂದಳು ಮೇದಿನಿ.

"ಬೇಡ ಅನ್ನು. ಏನೂ ಮುಟ್ಟಬೇಡ."

"ಮುಟ್ಟದೆ ಬೇಡ ಅನ್ನೋದು ಹೇಗಮ್ಮಾ? ಬೈಠೋ ನಾ. ನೀನು ವಾಕ್ ಮಾಡಿದ್ರೆ ಅದು ಜಲ್ದಿ ಆಗಲ್ಲ."

ನಳಿನಿ ಕೂರಲಿಲ್ಲ. ಮೇದಿನಿ ಬೇಡವೆಂದು ಒತ್ತಿ, ಪ್ಲೇಯರಿನೊಳಗೆ ಬಚ್ಚಿಟ್ಟಿದ್ದ ಫೋಲ್ಡರನ್ನು ಹುಡುಕಿ ತೆಗೆದಳು. ಒಂದೊಂದೇ ಕಡತ ಈಚೆಗೆ ಬರತೊಡಗಿತು. ಹತ್ತು, ಇಪ್ಪತ್ತು. ನಲವತ್ತೊಂದು ಬಂದಮೇಲೆ ಟಕ್ ಎಂದಿತು. ಪ್ಲೇಯರಿನ ಪರದೆ ಕಪ್ಪಾಯಿತು. ಮೇದಿನಿ ತಂತಿ ಕಿತ್ತು ಚುಚ್ಚಿದಳು, ಗುಂಡಿಗಳನ್ನು ಒತ್ತಿ ಹಿಡಿದಳು. ಪ್ಲೇಯರು ಮತ್ತೆ ಉಸಿರಾಡಲಿಲ್ಲ.

ಬಂದದ್ದನ್ನು ನೋಡಿದರೆ ಅದೂ ಕಲಸುಮೇಲೋಗರ. ಪ್ರತಿಯೊಂದಕ್ಕೂ ಅರ್ಥವಿಲ್ಲದ ನಾಲ್ಕು ಅಕ್ಷರಗಳ ಹೆಸರು. ತೆರೆದರೆ ಎಲ್ಲದರಲ್ಲೂ ಒಂದೇ ಶೀರ್ಷಿಕೆ: ಅಪ್ಪ.

"ಮಾಮ ತುಂಬಾ ಲೇಜಿ ಅಲ್ವಾ. ನಂಬರಾದ್ರೂ ಹಾಕ್ಬಾರ್ದಿತ್ತಾ? ಯಾವುದು ಯಾವ ದಿನದ್ದು ಈಗ?"

ನಳಿನಿ ಆ ಬೆಳಿಗ್ಗೆ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತಳು. "ಗಣಪತಿ ಸ್ತುತಿ ಇರೋದು ಮೊದಲನೇದು. ಅದನ್ನ ಹುಡುಕಿ ಕೊನೇ ಪದ್ಯ ಹಾಕು. ಆ ಪದ್ಯದಿಂದ ಶುರುವಾಗೋದು ಎರಡನೇದು."

"ಯಾಕೆ?"

"ತಾತ ನಿನ್ನೆ ನಿಲ್ಲಿಸಿದ ಪದ್ಯಾನ ಇವತ್ತು ಇನ್ನೊಂದು ಸಲ ಓದದೆ ಮುಂದಕ್ಕೆ ಹೋದವರಲ್ಲ. ನಿನ್ನೆ ಬರದೇ ಇದ್ದವರಿಗೂ ಕೊಂಡಿ ಸಿಗಲಿ ಅಂತ."

ಹಾಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಹುಡುಕುತ್ತ ಕೂತರು. ಮೇದಿನಿಗೆ ಹಳಗನ್ನಡ ಬಾರದು, ಆದರೆ ರಾಗ ಹಿಡಿದು ಅವಳೂ ನಾಲ್ಕಾರು ಜೋಡಿಸಿದಳು. ಊಟ ಆರಿಹೋಯಿತು. ಇಪ್ಪತ್ತಾರಕ್ಕೆ ಬಂದಾಗ ಸರಪಳಿ ನಿಂತಿತು. ಆ ಕೊನೆಯ ಪದ್ಯದಿಂದ ಶುರುವಾಗುವುದು ಉಳಿದವುಗಳಲ್ಲಿ ಯಾವುದೂ ಇರಲಿಲ್ಲ. ಪ್ಲೇಯರು ನುಂಗಿಕೊಂಡದ್ದು ಇಪ್ಪತ್ತೇಳನೆಯ ದಿನವನ್ನು.

ನಳಿನಿ ಮತ್ತೆ ಎದ್ದಳು. ಬಾಲ್ಕನಿಗೆ ಹೋದಳು, ಬಂದಳು. ಕಾವ್ಯದ ಪುಸ್ತಕ ಕಪಾಟಿನಲ್ಲಿದೆ. ಪದ್ಯಗಳು ಅಲ್ಲಿ ಸಿಗುತ್ತವೆ. ಅಪ್ಪ ಎಲ್ಲಿ ಎಳೆದು ಎಲ್ಲಿ ಉಸಿರು ಬಿಡುತ್ತಿದ್ದರು ಎನ್ನುವುದು ಎಲ್ಲಿ ಸಿಗಬೇಕು? ಹಾಗೆಂದುಕೊಳ್ಳುವಾಗಲೇ ಅವಳ ತುಟಿ ಅಲ್ಲಾಡುತ್ತಿತ್ತು.

"ನಿನ್ನ ಫೋನ್ ತಗೋ. ರೆಕಾರ್ಡಿಗೆ ಹಾಕು."

"ನೀನಾ? ನಿನ್ನ ಬಾಯಲ್ಲಿ ಒಂದಿನಾನೂ ಕೇಳಿಲ್ಲ ನಾನು."

"ನಾನೂ ಕೇಳಿಲ್ಲ," ಎಂದಳು ನಳಿನಿ. ಪುಸ್ತಕ ತಂದು, ಕಣ್ಣಿಗೊತ್ತಿಕೊಂಡು ತೆರೆದಳು. ಒಂದು ಲೋಟ ನೀರು ಕುಡಿದಳು.

"ಇದಕ್ಕೆ ಏನಂತ ಹೆಸರಿಡ್ಲಿ? ಅಮ್ಮ ಅಂತಲಾ?"

"ಇಪ್ಪತ್ತೇಳು ಅಂತ ಹಾಕು, ಸಾಕು."

ಮೇದಿನಿ ಗುಂಡಿ ಒತ್ತಿದಳು. ನಳಿನಿ ಗಂಟಲು ಸರಿಮಾಡಿಕೊಂಡು, ಇಪ್ಪತ್ತಾರನೆಯ ದಿನ ಅಪ್ಪ ನಿಲ್ಲಿಸಿದ್ದ ಪದ್ಯವನ್ನು ಮೊದಲು ಎತ್ತಿಕೊಂಡಳು.