ಹಾರ್ಲನ್‌ಗೆ ಬದಲಾಗಿ ಬಂದವನು

ಜುಲೈ ಮೂವತ್ತೊಂದರ ಸಂಜೆ ಐದಕ್ಕೆ ಗಡುವು. ಅದಾದ ಮೇಲೆ ಆ ವರ್ಷ ಯಾವ ಬೇಸ್‌ಬಾಲ್ ತಂಡವೂ ಇನ್ನೊಂದು ತಂಡದ ಜೊತೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಂತಿಲ್ಲ. ನಮ್ಮ ತಂಡ ಪಟ್ಟಿಯ ತಳದಲ್ಲಿತ್ತು. ನಮ್ಮಲ್ಲಿ ಬೇರೆಯವರು ಆಸೆಪಡುವಂಥ ಆಟಗಾರ ಇದ್ದದ್ದು ಒಬ್ಬನೇ: ಹಾರ್ಲನ್ ಟಿಡ್ವೆಲ್, ಮೂವತ್ತಾರರ ಪಿಚರ್, ಅಂದರೆ ಚೆಂಡೆಸೆಯುವವನು. ಹದಿನೆಂಟು ವರ್ಷದ ಹಿಂದೆ ಜಾರ್ಜಿಯಾದ ಒಂದು ಶಾಲೆಯ ಮೈದಾನದಲ್ಲಿ ಅವನು ಚೆಂಡೆಸೆಯುವುದನ್ನು ನೋಡಿ, ಇವನು ನಮಗೆ ಬೇಕು ಎಂದು ಬರೆದು ಕಳಿಸಿದವಳು ನಾನು, ತಂಡಕ್ಕೆ ಹೊಸ ಆಟಗಾರರನ್ನು ಹುಡುಕುವ ಕೆಲಸದವಳು. ಅಂದಿನಿಂದ ಅವನು ಇನ್ನೊಂದು ತಂಡದ ಅಂಗಿ ತೊಟ್ಟವನಲ್ಲ.

ಪಟ್ಟಿಯ ಮೇಲ್ತುದಿಯಲ್ಲಿದ್ದ ಕ್ಯಾಲಿಫೋರ್ನಿಯಾದ ತಂಡವೊಂದು ಅವನನ್ನು ಕೇಳಿತ್ತು. ಬದಲಿಗೆ ತಮ್ಮ ಎಳೆಯ ಎಡಗೈ ಪಿಚರ್ ಟ್ರೇಸ್ ವೆಂಡ್ಲಿಂಗ್‌ನನ್ನು ಕೊಡುತ್ತೇವೆ ಎಂದಿತ್ತು. ಅವನು ಆಗ ಅಯೋವಾದ ಒಂದು ಪುಟ್ಟ ಊರಿನಲ್ಲಿ, ಅವರ ಕಿರಿಯರ ತಂಡದಲ್ಲಿ ಆಡುತ್ತಿದ್ದ. ನಮ್ಮ ಮ್ಯಾನೇಜರ್ ಕರ್ಟಿಸ್ ಬೇರ್ ಬೆಳಿಗ್ಗೆಯೇ ನನಗೆ ಫೋನ್ ಮಾಡಿದ್ದ.

"ಲೊರೇನ್, ಅಂಕಿಅಂಶದ ಲೆಕ್ಕದೋರೆಲ್ಲ ಆಗ್ಲೇ ಹೂಂ ಅಂದಿದಾರೆ. ನೀವೂ ಒಂದ್ಸಲ ಕಣ್ಣಾರೆ ನೋಡಿ ಹೂಂ ಅಂದ್ಬಿಡಿ."

"ಊಹೂಂ ಅಂದ್ರೆ?"

"ಅನ್ಬೇಡಿ, ಪುಣ್ಯ ಬರುತ್ತೆ."

ಅಯೋವಾದ ಆ ಮೈದಾನಕ್ಕೆ ಹೋದೆ. ಆಟ ಮಧ್ಯಾಹ್ನ ಹನ್ನೆರಡಕ್ಕೆ. ಬೇಸಿಗೆ ಶಿಬಿರದ ಮಕ್ಕಳು ಹಳದಿ ಅಂಗಿಯಲ್ಲಿ ಕಿರುಚುತ್ತಿದ್ದರು. ವೆಂಡ್ಲಿಂಗ್ ಮೊದಲ ಮೂರು ಸುತ್ತು ಬೆಂಕಿಯಂತೆ ಎಸೆದ. ನಾನು ಖುಷಿಪಡಬೇಕಿತ್ತು, ಆದರೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ಸಲ ಜಾಗ ಬದಲಿಸಿದೆ. ನಾಲ್ಕನೆಯ ಸುತ್ತಿನಲ್ಲಿ ಕಾರಣ ಕಾಣಿಸಿತು. ತಿರುವು ಚೆಂಡು ಎಸೆದ ಪ್ರತಿ ಸಲವೂ ಅವನು ಬೆನ್ನು ತಿರುಗಿಸಿ, ಕೈ ಜೋಲು ಬಿಟ್ಟು, ಬೆರಳು ಕೊಡವಿಕೊಳ್ಳುತ್ತಿದ್ದ. ಎಸೆಯುವಾಗ ಮೊಣಕೈ ಮೊದಲಿಗಿಂತ ಒಂದೆರಡು ಅಂಗುಲ ಕೆಳಗಿಳಿದಿತ್ತು.

ಇದನ್ನು ನನಗಿಂತ ಮೊದಲೇ ಕಂಡವನೊಬ್ಬ ಮೈದಾನದಲ್ಲೇ ಇದ್ದ. ಚೆಂಡು ಹಿಡಿಯುವ ಕ್ಯಾಚರ್, ಒಸ್ವಾಲ್ಡೊ ಪೆರಾಲ್ತಾ, ಡೊಮಿನಿಕನ್ ದೇಶದ ಹತ್ತೊಂಬತ್ತರ ಹುಡುಗ. ಅವನು ಬೆರಳ ಸನ್ನೆಯಲ್ಲಿ ತಿರುವು ಚೆಂಡು ಕೇಳುವುದನ್ನೇ ನಿಲ್ಲಿಸಿದ್ದ. ಎರಡು ಸಲ ಎದ್ದುಹೋಗಿ, ಬಾಯಿಗೆ ಗ್ಲೌಸ್ ಅಡ್ಡ ಹಿಡಿದು, ವೆಂಡ್ಲಿಂಗ್‌ಗೆ ಏನೋ ಹೇಳಿ ನಗಿಸಿ ಬಂದ. ನೋಯುವ ಕೈಯವನನ್ನು ಬರೀ ನೇರ ಚೆಂಡುಗಳಲ್ಲೇ ಇನ್ನೆರಡು ಸುತ್ತು ದಾಟಿಸಿದ. ನನ್ನ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಬರೆದುಕೊಂಡೆ.

ಅಷ್ಟರಲ್ಲಿ ಫೋನ್ ಬಂತು. ಹಾರ್ಲನ್.

"ಮಿಸ್ ಲೊರೇನ್, ಎಲ್ಲಿದೀರಿ?"

"ಎಲ್ಲೋ ಹೊರಗಡೆ."

"ಅಯೋವಾದಲ್ಲಿ ತಾನೆ? ಅಲ್ಲಿನ ಜೋಳದ ಹೊಲದ ವಾಸನೆ ಫೋನಲ್ಲೇ ಹೊಡೀತಿದೆ."

ನಾನು ನಕ್ಕೆ. ಅವನು ನಗಲಿಲ್ಲ.

"ಹಳೇ ಆಟಗಾರ ನಾನು, ಈ ಅದಲುಬದಲು ಬೇಡ ಅನ್ನೋ ಹಕ್ಕು ನನಗಿದೆ. ಆದ್ರೂ ಒಪ್ಕೊಂಡೆ. ಡಾರ್ಲೀನ್ ಆಗ್ಲೇ ಸೂಟ್‌ಕೇಸ್ ತುಂಬ್ತಿದಾಳೆ." ಡಾರ್ಲೀನ್ ಅವನ ಹೆಂಡತಿ.

"ಹೋಗೋಕೆ ಆಸೆನಾ ನಿನಗೆ?"

"ಇಷ್ಟು ವರ್ಷ ಅನ್ನ ಹಾಕಿದ ಊರು. ಆಸೆ ಅನ್ನೋಕೆ ನಾಚ್ಕೆ ಆಗುತ್ತೆ. ಆದ್ರೆ ಅಕ್ಟೋಬರಲ್ಲಿ, ಗೆದ್ದ ತಂಡಗಳ ಕೊನೇ ಪಂದ್ಯಗಳಲ್ಲಿ, ಒಂದೇ ಒಂದ್ಸಲ ಎಸೀಬೇಕು, ಮಿಸ್ ಲೊರೇನ್. ಎಲ್ರೂ ಆಡ್ತಾರೆ, ನಾನು ಸೋಫಾ ಮೇಲೆ ಕೂತು ನೋಡ್ತೀನಿ. ಸಾಕಾಗಿದೆ." ಆಮೇಲೆ ಕೇಳಿದ: "ನನ್ನ ಬದ್ಲು ಬರೋನು ಒಳ್ಳೇವ್ನಾ?"

"ನೋಡ್ತಾ ಇದೀನಿ," ಎಂದು ಫೋನ್ ಇಟ್ಟೆ. ಕಂಡದ್ದನ್ನು ಹೇಳಿದರೆ ಅವನ ಅಕ್ಟೋಬರ್ ಹೋಯಿತು. ಹೇಳದಿದ್ದರೆ ಮುರಿದ ಕೈಯೊಂದು ನಮ್ಮ ಪಾಲಿಗೆ.

ಮೂರು ಗಂಟೆಗೆ ಕರ್ಟಿಸ್‌ಗೆ ಫೋನ್ ಮಾಡಿ ಹೇಳಿದೆ. "ಅವನ ಮೊಣಕೈ ಸರಿಯಿಲ್ಲ."

"ಡಾಕ್ಟರ್ ವರದೀಲಿ ಏನೂ ಇಲ್ವಲ್ಲ?"

"ಅದು ಹೋದ ತಿಂಗಳದ್ದು. ನಾನು ನೋಡಿದ್ದು ಈಗ."

"ಸರಿ, ಹಾಗಾದ್ರೆ ಬೇಡ ಅಂತೀನಿ."

"ಬೇಡ ಅನ್ಬೇಡಿ. ವೆಂಡ್ಲಿಂಗ್ ಬದ್ಲು ಅವರ ಕ್ಯಾಚರ್‌ನ ಕೊಡಿ ಅಂತ ಕೇಳಿ. ಪೆರಾಲ್ತಾ."

"ಯಾರ್ರೀ ಅದು? ಒಂದು ಪಟ್ಟೀಲೂ ಅವನ ಹೆಸರಿಲ್ಲ! ಹಾರ್ಲನ್‌ನ ಕೊಟ್ಟು ಅನಾಮಧೇಯನ್ನ ತಂದ್ರಿ ಅಂತ ಊರೆಲ್ಲ ಉಗಿಯುತ್ತೆ."

"ಲೊರೇನ್ ಹಟ್ಸೆಲ್ ಹೇಳಿದ್ಲು ಅನ್ನಿ. ನನಗೆ ಉಗೀಲಿ."

ಆಟ ಮುಗಿದು ಎಲ್ಲರೂ ಹೋದ ಮೇಲೂ ಕಾರಿನ ಸುತ್ತ ಸುತ್ತುತ್ತಿದ್ದೆ. ಒಳಗೆ ಕೂತರೆ ಸೆಕೆ, ಹೊರಗೆ ನಿಂತರೆ ಬಿಸಿಲು. ತಲೆಯಲ್ಲಿ ಒಂದೇ ಮಾತು: ಆ ಹುಡುಗನಲ್ಲಿ ನಿಜವಾಗಿ ಏನಾದರೂ ಕಂಡೆನೋ, ಹಾರ್ಲನ್‌ನನ್ನು ಕಳಿಸಲು ನೆಪ ಹುಡುಕಿದೆನೋ? ಒಂದು ಮಧ್ಯಾಹ್ನದ ಆಟ ನೋಡಿ ಯಾರ ಬಗ್ಗೆ ಏನು ಹೇಳಲಾದೀತು?

ಐದಕ್ಕೆ ಹತ್ತು ನಿಮಿಷ ಇರುವಾಗ ಕರ್ಟಿಸ್ ಕರೆದ. "ಕೊಡ್ತಾರಂತೆ. ಕೇಳಿದ ತಕ್ಷಣ ನಕ್ಕುಬಿಟ್ರು, ಅದೇ ನನಗೆ ಭಯ. ಅವನೊಬ್ಬನೇ, ಜೊತೆಗೆ ಇನ್ಯಾರೂ ಇಲ್ಲ. ಏನಂತೀರಿ?"

"ಹೂಂ ಅನ್ನಿ."

ಅಂದ.

ಮರುದಿನ ರೇಡಿಯೋದಲ್ಲಿ ಜನ ಫೋನ್ ಮಾಡಿ ಮಾಡಿ ಉಗಿದರು. ಹಾರ್ಲನ್ ಅಕ್ಟೋಬರಿನಲ್ಲಿ ಒಂದು ಪಂದ್ಯ ಎಸೆದ. ಆರನೆಯ ಸುತ್ತಿನಲ್ಲಿ ಎದುರಾಳಿಗಳು ಅವನ ಚೆಂಡುಗಳನ್ನು ಬಾರಿಸಿದರು, ಸೋತ. ಆ ಚಳಿಗಾಲದಲ್ಲೇ ಆಟ ಬಿಟ್ಟ. ವೆಂಡ್ಲಿಂಗ್‌ನ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷ ಮನೆಯಲ್ಲಿದ್ದು ಮರಳಿ ಬಂದ. ಈಗ ಮೊದಲಿನಷ್ಟೇ ಜೋರಾಗಿ ಎಸೆಯುತ್ತಾನೆ, ನಮ್ಮ ವಿರುದ್ಧವೂ. ಪೆರಾಲ್ತಾ ನಮ್ಮ ದೊಡ್ಡ ತಂಡಕ್ಕೆ ಬಂದ. ಬ್ಯಾಟು ಹಿಡಿದರೆ ಅಷ್ಟಕ್ಕಷ್ಟೇ. ಆದರೆ ನಮ್ಮ ಪಿಚರ್‌ಗಳೆಲ್ಲ ಅವನೇ ಬೇಕು ಎನ್ನುತ್ತಾರೆ. ಅದಲುಬದಲಿನಲ್ಲಿ ಗೆದ್ದವರು ಯಾರೆಂದು ಕರ್ಟಿಸ್ ಈಗ ಕೇಳುವುದಿಲ್ಲ.

ಹೋದ ವಸಂತದಲ್ಲಿ ಜಾರ್ಜಿಯಾಕ್ಕೆ ಹೋದವಳು ಹಾರ್ಲನ್‌ನ ಮನೆಯಲ್ಲಿ ಊಟಕ್ಕಿದ್ದೆ. ಅವನು ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ತಿರುವುತ್ತಿದ್ದ. ಎರಡು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ: "ಅವತ್ತು ಹೂಂ ಅಂದಿದ್ದು ತಂಡಕ್ಕೋಸ್ಕರವೋ ನಿನಗೋಸ್ಕರವೋ, ಇವತ್ತಿಗೂ ಗೊತ್ತಿಲ್ಲ ಕಣೋ."

ಅವನು ನನ್ನ ಮುಖ ನೋಡಲಿಲ್ಲ. ಕೆಂಡ ಕೆದಕಿದ.

"ಅಕ್ಟೋಬರಿನ ಆ ರಾತ್ರಿ ಮೈದಾನಕ್ಕಿಳಿದಾಗ ನನ್ನ ಕಾಲು ನಡುಗ್ತಿತ್ತು, ಗೊತ್ತಾ ನಿಮಗೆ?" ಎಂದ. "ಮೂವತ್ತಾರು ವರ್ಷದೋನಿಗೆ! ಡಾರ್ಲೀನ್‌ಗೂ ಹೇಳಿಲ್ಲ." ಆಮೇಲೆ ತಟ್ಟೆ ಚಾಚಿದ. "ತಿನ್ನಿ, ಮಿಸ್ ಲೊರೇನ್. ಆರಿಹೋಗುತ್ತೆ."