ಅಂಚಿನ ತುಂಡು

ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ತಯಾರಾಗುತ್ತದೆ, ಆದರೆ ಅದನ್ನು ಯಾರೂ ನೇಯುವುದಿಲ್ಲ. ಮಗ್ಗ ಇಲ್ಲ, ಹಾಸು ಇಲ್ಲ, ಹೊಕ್ಕು ಇಲ್ಲ. ನಾರನ್ನು ಬಿಡಿಸಿ ಹಿಂಜಿ ಜೇಡರ ಬಲೆಯಷ್ಟು ತೆಳುವಾದ ಪದರ ಮಾಡುತ್ತೇವೆ. ಆ ಪದರವನ್ನು ಒಂದು ಯಂತ್ರ ಅತ್ತಿಂದಿತ್ತ ಓಡಾಡುತ್ತಾ ಮಡಿಸಿ ಮಡಿಸಿ ಹಾಸುತ್ತದೆ. ಮುಂದಿನ ಯಂತ್ರದ ಸಾವಿರಾರು ಮುಳ್ಳುಸೂಜಿಗಳು ಅದನ್ನು ಚುಚ್ಚಿ ಚುಚ್ಚಿ ಗಟ್ಟಿ ಮಾಡುತ್ತವೆ. ಅಪ್ಪ ಇದನ್ನು ಶುರುಮಾಡಿದಾಗ ಹಾಸಿಗೆಯೊಳಗೆ ಹಾಕುವ ದಪ್ಪ ಹಾಳೆಯನ್ನು ಮಾತ್ರ ಮಾಡುತ್ತಿದ್ದರು. ಹಾಸಿಗೆಯ ಒಳಗೇನಿದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ನಮ್ಮನ್ನೂ ಯಾರೂ ಬಿಚ್ಚಿ ನೋಡಿರಲಿಲ್ಲ.

ಅಪ್ಪ ಹೋದ ಮೇಲೆ ಕಾರ್ಖಾನೆ ಅಣ್ಣನ ಕೈಗೆ ಬಂತು. ಅಷ್ಟರಲ್ಲಿ ಹಾಸಿಗೆಯವರು ಒಬ್ಬೊಬ್ಬರಾಗಿ ಫೋಮ್ ಕಡೆ ವಾಲಿದ್ದರು. ವಾರದಲ್ಲಿ ಆರು ದಿನ ಓಡುತ್ತಿದ್ದ ಯಂತ್ರಗಳು ಮೂರು ದಿನಕ್ಕೆ ಇಳಿದವು. ಆಗ ಅಣ್ಣ ಎಲ್ಲೋ ಎರಡು ದಿನದ ಸಮ್ಮೇಳನಕ್ಕೆ ಹೋಗಿ, ಇಟ್ಟಿಗೆಯಷ್ಟು ದಪ್ಪದ ವರದಿಯೊಂದನ್ನು ಹಿಡಿದುಕೊಂಡು ಬಂದ. ನೇಯದ ಬಟ್ಟೆಯ ಉದ್ಯಮದಲ್ಲಿ ಬೆಳವಣಿಗೆಯ ಅವಕಾಶಗಳು ಎಂಬುದು ಅದರ ವಿಷಯ. ಊಟಕ್ಕೆ ಕುಳಿತಾಗಲೂ ಅದನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದ.

"ರಸ್ತೆ ಕೆಳಗೆ ಬಟ್ಟೆ ಹಾಕ್ತಾರಂತೆ ಕಣೇ. ರೈಲು ಹಳಿ ಕೆಳಗೆ. ಕಾರಿನ ಬಾಗಿಲೊಳಗೆ. ಚಿಮಣಿ ಧೂಳು ಹಿಡಿಯೋಕೆ ಬಟ್ಟೆ ಚೀಲ. ಆಪರೇಷನ್ ಮಾಡೋ ಡಾಕ್ಟರ ನಿಲುವಂಗಿ. ಎಲ್ಲಾ ನಮ್ಮ ಜಾತಿಯ ಬಟ್ಟೇನೇ!"

"ಅವಕಾಶ ಆಮೇಲೆ ತಿನ್ನಿ," ಎಂದಳು ಅತ್ತಿಗೆ. "ಮೊದಲು ತಟ್ಟೇಲಿರೋದನ್ನ ತಿನ್ನಿ. ಆರಿ ಹೋಗ್ತಿದೆ."

ಆದರೂ ಅವನು ಬಿಡಲಿಲ್ಲ. ಒಂದು ವರ್ಷ ಅಲೆದು, ಕುಡಿಯುವ ನೀರಿನ ಹೊಸ ಜಲಾಶಯ ಕಟ್ಟುತ್ತಿದ್ದವರ ಬಾಗಿಲಿಗೆ ಹೋದ. ಜಲಾಶಯದ ಏರಿಯಲ್ಲಿ ಮಣ್ಣಿಗೂ ಕಲ್ಲಿಗೂ ನಡುವೆ ಬಟ್ಟೆಯ ಒಂದು ಪದರ ಹಾಸುತ್ತಾರೆ. ನೀರು ಅದನ್ನು ದಾಟಿ ಬರಬೇಕು, ಮಣ್ಣು ಬರಬಾರದು; ಬಂದರೆ ಏರಿ ಒಳಗಿಂದಲೇ ಸವೆಯುತ್ತದೆ. ಒಂದು ಚದರ ಮೀಟರಿಗೆ ಮುನ್ನೂರು ಗ್ರಾಂಗೆ ಕಡಿಮೆ ಇರಬಾರದು, ಎಲ್ಲಿ ಕತ್ತರಿಸಿ ನೋಡಿದರೂ. ಎಂಟು ತಿಂಗಳು ಬಿಡುವಿಲ್ಲದ ಕೆಲಸ. ಅದು ಸಿಕ್ಕಿದರೆ ನಲವತ್ತು ಜನಕ್ಕೆ ಮತ್ತೆ ಆರು ದಿನದ ವಾರ, ಅಣ್ಣನ ಕನಸಿನ ಎರಡನೇ ಯಂತ್ರಸಾಲು. ಸಿಗದಿದ್ದರೆ ಏನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ನನ್ನದು ಪರೀಕ್ಷೆಯ ಕೋಣೆ. ಒಂದು ಮೇಜು, ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ, ಬಟ್ಟೆಯನ್ನು ದುಂಡಗೆ ಕತ್ತರಿಸುವ ಒಂದು ಉಪಕರಣ, ಯಂತ್ರಗಳ ಕಡೆಗೆ ತೆರೆದ ಒಂದು ಕಿಟಕಿ. ಅಂಗೈಯಗಲದ ತುಂಡು ಕತ್ತರಿಸಿ ತೂಗಿದರೆ ಮೂರು ಗ್ರಾಂ ಬರಬೇಕು. ಅದನ್ನು ನೂರರಿಂದ ಗುಣಿಸಿದರೆ ಒಂದು ಚದರ ಮೀಟರಿನ ತೂಕ. ಇದೇ ವಿಷಯವನ್ನು ನಾನು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದೇನೆ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು ಎಂದು ಮನೆಯವರು ನನ್ನನ್ನು ಇನ್‌ಸ್ಪೆಕ್ಟರ್ ಎಂದು ಕರೆಯುತ್ತಾರೆ. ತಕ್ಕಡಿಯ ಮುಂದೆ ಈ ಸ್ವಭಾವ ಒಳ್ಳೆಯದೇ ಎಂದು ನಾನು ತಿಳಿದಿದ್ದೆ.

ಸೂಜಿಯಂತ್ರದ ಮೇಸ್ತ್ರಿಗೆ ತಕ್ಕಡಿ ಬೇಕಾಗಿರಲಿಲ್ಲ. ಅವರು ಅಪ್ಪನ ಕಾಲದವರು. ಯಂತ್ರದಿಂದ ಹೊರಬರುವ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಲೆ ಓರೆ ಮಾಡಿ ನೋಡುತ್ತಿದ್ದರು. ನಾರು ದಟ್ಟವಾಗಿರುವಲ್ಲಿ ಕಪ್ಪು, ತೆಳುವಾಗಿರುವಲ್ಲಿ ಬಿಳಿ. ನೋಡಿ, "ಇವತ್ತು ತಿಳಿ," ಎನ್ನುತ್ತಿದ್ದರು, ಇಲ್ಲವೇ "ಇವತ್ತು ಮೋಡ." ಕೆಲಸದವರು ಅವರ ಬೆನ್ನ ಹಿಂದೆ ಅವರನ್ನು ಹವಾಮಾನ ಇಲಾಖೆ ಎಂದು ಕರೆಯುತ್ತಿದ್ದರು.

ಜಲಾಶಯದ ಮಾದರಿ ಸುರುಳಿಗಳನ್ನು ಓಡಿಸುತ್ತಿದ್ದ ಮೂರು ವಾರವೂ ಅವರು ದಿನಕ್ಕೊಮ್ಮೆ ನನ್ನ ಕಿಟಕಿಯಲ್ಲಿ ಇಣುಕುತ್ತಿದ್ದರು.

"ನಡುವೆ ಬೆಳಕು ಜಾಸ್ತಿ ಬರ್ತಿದೆ ಕಣಮ್ಮಾ."

"ತೂಕ ಸರಿಯಾಗಿದೆ ಮೇಸ್ತ್ರಿ. ಮುನ್ನೂರ ಹನ್ನೆರಡು."

"ತಕ್ಕಡಿ ಹಾಗಂತಾ?"

"ಹಾಗಂತು."

"ಹಾಗಾದ್ರೆ ನನ್ನ ಕಣ್ಣಿಗೇ ಪೊರೆ ಬಂದಿರಬೇಕು ಬಿಡು," ಎಂದು ಹೋಗುತ್ತಿದ್ದರು. ಅವರ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ಎಂದು ನಾನು ಅರ್ಧ ಗಂಟೆ ಯೋಚಿಸುತ್ತಿದ್ದೆ. ಆಮೇಲೆ ಮುನ್ನೂರ ಹನ್ನೆರಡು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಂಥ ಇಪ್ಪತ್ತನಾಲ್ಕು ಅಂಕಿಗಳನ್ನು ಸೇರಿಸಿ ಪ್ರಮಾಣಪತ್ರ ಸಿದ್ಧಪಡಿಸಿ, ಕೆಳಗೆ ನನ್ನ ಸಹಿ ಹಾಕಿದೆ.

ಜಲಾಶಯದ ಎಂಜಿನಿಯರ್ ಬರುವ ದಿನ ಬೆಳಿಗ್ಗೆ ಎಂಟು ಗಂಟೆಗೆ ಕೊನೆಯ ಸುರುಳಿ ಇಳಿಯಿತು. ಅದರ ಎಡ ಅಂಚಿಗೆ ಯಂತ್ರದ ಎಣ್ಣೆ ಮೆತ್ತಿಕೊಂಡಿತ್ತು. ಬಲ ಅಂಚು ಯಾವುದೋ ಕೊಕ್ಕೆಗೆ ಸಿಕ್ಕಿ ಹರಿದಿತ್ತು. ನಾನು ಕತ್ತರಿ ಹಿಡಿದು ನಿಂತೆ. ನಾವು ತುಂಡು ಕತ್ತರಿಸುವುದು ಯಾವಾಗಲೂ ಅಂಚಿನಿಂದ. ಅದು ಅಪ್ಪ ಮಾಡಿದ ನಿಯಮ. ಹಾಸಿಗೆಯ ಹಾಳೆಗೆ ಎರಡೂ ಕಡೆ ಒಂದು ಗೇಣು ಅಂಚನ್ನು ಹೇಗೂ ಕೊಯ್ದು ತೆಗೆಯುತ್ತಿದ್ದೆವು. ಬಿಸಾಡುವ ಅಂಚಿನಲ್ಲೇ ಪರೀಕ್ಷೆಯೂ ಮುಗಿಯಲಿ, ಒಳ್ಳೆಯ ಬಟ್ಟೆಯ ಹೊಟ್ಟೆಗೆ ಯಾಕೆ ಕತ್ತರಿ ಹಾಕಬೇಕು ಎಂದು ಅಪ್ಪ ಹೇಳುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರೇ ನನ್ನ ಕೈಹಿಡಿದು ಅಂಚಿನಲ್ಲಿ ಕತ್ತರಿ ಇಡಿಸಿದ್ದರು.

ಆ ದಿನ ಬೇರೆ ದಾರಿ ಇರಲಿಲ್ಲ. ಸುರುಳಿಯನ್ನು ಬಿಚ್ಚಿ ನಡುವಿನಿಂದ ಒಂದು ತುಂಡು ತೆಗೆದು ತಕ್ಕಡಿಗೆ ಹಾಕಿದೆ.

ಇನ್ನೂರ ಅರವತ್ತಮೂರು.

ತಕ್ಕಡಿ ಕೆಟ್ಟಿದೆ ಎಂದುಕೊಂಡೆ. ಪೆಟ್ಟಿಗೆಯಲ್ಲಿದ್ದ ಹಿತ್ತಾಳೆಯ ತೂಕದ ಬಟ್ಟನ್ನು ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿಯೇ ಇತ್ತು. ಪಕ್ಕದಿಂದ ಇನ್ನೊಂದು ತುಂಡು ತೆಗೆದೆ. ಇನ್ನೂರ ಅರವತ್ತು. ಹಿಂದಿನ ದಿನದ ಸುರುಳಿಯೊಂದನ್ನು ಎಳೆದು, ಈ ಅಂಚಿನಿಂದ ಆ ಅಂಚಿನವರೆಗೆ ಒಂಬತ್ತು ತುಂಡು ಕತ್ತರಿಸಿ ಸಾಲಾಗಿ ತೂಗಿದೆ. ಎರಡು ಕೊನೆಗಳಲ್ಲಿ ಮುನ್ನೂರ ಹತ್ತರ ಮೇಲೆ. ಅಲ್ಲಿಂದ ಒಳಗೆ ಬಂದಂತೆ ಇಳಿಯುತ್ತಾ ಇಳಿಯುತ್ತಾ ನಡುವೆ ಇನ್ನೂರ ಅರವತ್ತು. ನಡುಭಾಗ ತಗ್ಗಿದ ಹಳೆಯ ಮಂಚದ ಹಾಗೆ.

ಕಾರಣ ಹುಡುಕಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಪದರವನ್ನು ಮಡಿಸಿ ಹಾಸುವ ಯಂತ್ರ ಅತ್ತಿಂದಿತ್ತ ಓಡುವಾಗ ಎರಡೂ ಕೊನೆಗಳಲ್ಲಿ ತಿರುಗಲು ನಿಧಾನ ಮಾಡುತ್ತದೆ. ನಿಧಾನ ಮಾಡಿದ ಜಾಗದಲ್ಲಿ ನಾರು ಹೆಚ್ಚು ಬೀಳುತ್ತದೆ. ಇದು ಪಠ್ಯಪುಸ್ತಕದಲ್ಲಿತ್ತು. ತುಂಡುಗಳನ್ನು ಪೂರ್ತಿ ಅಗಲದಿಂದ ತೆಗೆಯಬೇಕು ಎಂಬುದೂ ಇತ್ತು. ಪರೀಕ್ಷೆಯಲ್ಲಿ ಅದಕ್ಕೆ ಉತ್ತರ ಬರೆದು ಅಂಕ ಪಡೆದವಳು ನಾನು. ಹನ್ನೊಂದು ವರ್ಷದಿಂದ ಬೀಗ ಎಳೆದು ನೋಡುತ್ತಲೇ ಇದ್ದೆ, ಆದರೆ ಬೇರೆ ಬಾಗಿಲಿನದು.

ಅಣ್ಣ ಕಚೇರಿಯಲ್ಲಿ ಹೊಸ ಅಂಗಿ ತೊಟ್ಟು, ವರದಿಯಿಂದ ತೆಗೆದ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದ. ಒಂಬತ್ತು ತುಂಡುಗಳನ್ನೂ ಅವನ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪ್ರತಿಯೊಂದರ ಮೇಲೂ ತೂಕ ಬರೆದಿದ್ದೆ. ಅವನು ಎರಡು ಸಲ ಓದಿದ.

"ಯಾರಿಗೆ ಗೊತ್ತು ಇದು?"

"ನನಗೆ. ಈಗ ನಿನಗೆ."

"ಅಪ್ಪನ ಕಾಲದಿಂದ ಅಂಚಲ್ಲೇ ತೆಗೀತಿದ್ದೀವಿ. ಇವತ್ತೇ ನಿನಗೆ ನಡುವೆ ಕೈ ಹಾಕಬೇಕು ಅನ್ನಿಸ್ತಾ?"

"ಅಂಚಿಗೆ ಎಣ್ಣೆ ಮೆತ್ತಿತ್ತು."

ಅವನು ನಕ್ಕ. ಸಂತೋಷದ ನಗು ಅಲ್ಲ. "ನೋಡು, ನಾವು ಸುಳ್ಳು ಬರೆದಿಲ್ಲ. ಮುನ್ನೂರ ಹನ್ನೆರಡು ಅಂತ ತಕ್ಕಡಿ ತೋರಿಸಿದ್ದನ್ನೇ ಬರೆದಿದ್ದೀವಿ. ಆರ್ಡರ್ ಕೈಗೆ ಬರಲಿ, ಆಮೇಲೆ ಮೇಸ್ತ್ರಿ ಹತ್ರ ಸರಿ ಮಾಡಿಸೋಣ."

"ಸರಿ ಆಗೋವರೆಗೆ ಹೋಗೋ ಸುರುಳಿ?"

"ಅವರು ಹತ್ತು ಸುರುಳಿಗೆ ಒಂದನ್ನ ಪರೀಕ್ಷೆ ಮಾಡ್ತಾರೆ ಕಣೇ. ಅವರೂ ಅಂಚಲ್ಲೇ ಕತ್ತರಿಸ್ತಾರೋ ಏನೋ." ಅವನು ಗೋಡೆಯ ಕಡೆ ತಿರುಗಿ ಅಂಟುಪಟ್ಟಿಯನ್ನು ಹಲ್ಲಿನಿಂದ ಕಡಿದ. "ಇನ್‌ಸ್ಪೆಕ್ಟರ್, ಇವತ್ತೊಂದು ದಿನ ರಜೆ ತಗೋ. ದಮ್ಮಯ್ಯ."

ತುಂಡುಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ನನ್ನ ಕೋಣೆಗೆ ಹಿಂತಿರುಗಿದೆ. ಕಿಟಕಿಯಾಚೆ ಮಡಿಸುವ ಯಂತ್ರ ಅತ್ತಿಂದಿತ್ತ ಓಡುತ್ತಿತ್ತು, ಕೊನೆಗಳಲ್ಲಿ ನಿಧಾನ ಮಾಡುತ್ತಿತ್ತು. ಕಣ್ಣಿಗೆ ಕಾಣುವಷ್ಟು ನಿಧಾನ.

ಎಂಜಿನಿಯರ್ ಹನ್ನೊಂದಕ್ಕೆ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಕಾಲಿಗೆ ಮಣ್ಣು ಹತ್ತಿದ ಬೂಟು, ಕೈಯಲ್ಲಿ ನೀರಿನ ಬಾಟಲಿ. ಕವರು ಹಿಡಿದುಕೊಂಡು ನಾನೂ ಕಚೇರಿಗೆ ಹೋಗಿ ನಿಂತೆ. ಅಣ್ಣ ರಸ್ತೆಯಿಂದ ಆಸ್ಪತ್ರೆಯವರೆಗಿನ ಅವಕಾಶಗಳನ್ನೆಲ್ಲ ವಿವರಿಸಿದ. ಅವರು ತಾಳ್ಮೆಯಿಂದ ಕೇಳಿ, "ನಂಗೆ ಏರಿಗೆ ಮಾತ್ರ ಬೇಕಾಗಿರೋದು," ಎಂದರು. ಅತ್ತಿಗೆ ಕಾಫಿ ತಂದಿಟ್ಟಳು. ಅವರು ಪ್ರಮಾಣಪತ್ರ ತೆಗೆದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಇಪ್ಪತ್ತನಾಲ್ಕು ಅಂಕಿಗಳು, ಒಂದೂ ಮುನ್ನೂರಕ್ಕೆ ಕಡಿಮೆ ಇಲ್ಲ.

"ಚೆನ್ನಾಗಿದೆ," ಎಂದರು. "ಸಹಿ ಯಾರದು?"

"ನನ್ನ ತಂಗೀದು," ಎಂದ ಅಣ್ಣ. "ತುಂಬಾ ಕಟ್ಟುನಿಟ್ಟು. ನಾವೇ ಹೆದರ್ತೀವಿ."

ಅವರು ನನ್ನ ಕಡೆ ನೋಡಿ ನಕ್ಕು, ಒಪ್ಪಿಗೆ ಬರೆಯಲು ಜೇಬಿನಿಂದ ಪೆನ್ನು ತೆಗೆದರು.

ನಾನು ಧೈರ್ಯವಂತೆ ಅಲ್ಲ. ಆ ಕ್ಷಣದಲ್ಲಿ ನನ್ನನ್ನು ಮುಂದೆ ತಳ್ಳಿದ್ದು ಧೈರ್ಯವಲ್ಲ, ಲೆಕ್ಕ. ಈ ಪೆನ್ನು ಕಾಗದ ಮುಟ್ಟಿದರೆ ಮುಂದಿನ ಎಷ್ಟು ವರ್ಷ, ಮಳೆ ಬಂದಾಗಲೆಲ್ಲ, ಆ ಏರಿ ಹೇಗಿದೆಯೋ ಎಂದು ನಾನು ಎದ್ದು ಕೂರಬೇಕಾಗುತ್ತದೆ ಎಂದು ಎಣಿಸಿದೆ. ಕವರನ್ನು ಮೇಜಿನ ಮೇಲೆ ಸುರಿದೆ. ಒಂಬತ್ತು ಬಿಳಿ ಬಿಲ್ಲೆಗಳು. ಮೇಲೆ ಬರೆದಿದ್ದ ತೂಕ ನೋಡಿ ಸಾಲಾಗಿ ಜೋಡಿಸಲು ಹೊತ್ತು ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ.

"ಈ ಪತ್ರದಲ್ಲಿರೋ ತುಂಡೆಲ್ಲ ಅಂಚಿನಿಂದ ತೆಗೆದದ್ದು," ಎಂದೆ. "ಇವು ಪೂರ್ತಿ ಅಗಲದಿಂದ ತೆಗೆದದ್ದು. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಅವರು ನಡುವಿನ ಬಿಲ್ಲೆಯನ್ನು ಎತ್ತಿ, ಥೇಟ್ ಮೇಸ್ತ್ರಿಯ ಹಾಗೆಯೇ ಬೆಳಕಿಗೆ ಹಿಡಿದರು. "ಅಂಚಿನಿಂದ ಯಾಕೆ ತೆಗೀತಿದ್ರಿ?"

"ಹಾಸಿಗೆ ಕಾಲದ ಅಭ್ಯಾಸ."

"ಹೂಂ," ಎಂದು ಪೆನ್ನಿನ ಮುಚ್ಚಳ ಹಾಕಿದರು. ಆ ಚಿಕ್ಕ ಶಬ್ದ ಅಣ್ಣನಿಗೂ ಕೇಳಿಸಿರಬೇಕು. ಅವನು ಕಿಟಕಿಯಾಚೆ ನೋಡುತ್ತಿದ್ದ. "ಏರಿ ಕೆಲಸದ ಮೊದಲನೇ ಹಂತದ್ದು ನಿಮಗೆ ಕೊಡೋಕಾಗಲ್ಲ. ನಾಳೆ ಇನ್ನೊಬ್ಬರನ್ನ ನೋಡೋದಿದೆ, ಅವರಿಗೆ ಹೋಗುತ್ತೆ. ಎರಡನೇ ಹಂತಕ್ಕೆ ನಾಲ್ಕು ತಿಂಗಳಿದೆ. ಕರೀರಿ, ಬರ್ತೀನಿ. ಕತ್ತರಿ ನಂದೇ ತರ್ತೀನಿ." ಒಂಬತ್ತು ಬಿಲ್ಲೆಗಳನ್ನೂ ಕವರಿಗೆ ಹಾಕಿ, ಕೇಳದೆಯೇ ತಮ್ಮ ಚೀಲಕ್ಕೆ ಸೇರಿಸಿಕೊಂಡರು. ಬಾಗಿಲಲ್ಲಿ ನಿಂತು, "ಕಾಫಿ ಚೆನ್ನಾಗಿತ್ತು," ಎಂದರು.

ಅವರ ಗಾಡಿಯ ಸದ್ದು ಮರೆಯಾದ ಮೇಲೆ ಅಣ್ಣ ಕಿಟಕಿಯಿಂದ ತಿರುಗಿದ.

"ಒಂದು ಗಂಟೆ ಬಾಯಿ ಮುಚ್ಚಿಕೊಂಡಿರೋಕೆ ಆಗ್ಲಿಲ್ಲ ಅಲ್ವಾ ನಿಂಗೆ."

ನಾನು ಮೇಜಿನ ಮೇಲಿದ್ದ ಪ್ರಮಾಣಪತ್ರವನ್ನು ಮಡಿಸಿ ಎತ್ತಿಕೊಂಡೆ. ಕೊಡಬಹುದಾದ ಉತ್ತರಗಳೆಲ್ಲ ಸರಿಯಾಗಿದ್ದವು, ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

"ನಲವತ್ತು ಜನಕ್ಕೆ ನೀನೇ ಹೇಳು ಹೋಗು," ಎಂದು ಅವನು ಗೋಡೆಯ ಚಿತ್ರಗಳನ್ನು ಕೀಳತೊಡಗಿದ. ಅತ್ತಿಗೆ ಲೋಟಗಳನ್ನು ಎತ್ತಿಕೊಳ್ಳುತ್ತಾ, "ಗೋಡೆ ಬಣ್ಣ ಕಿತ್ತು ಬರುತ್ತೆ, ಮೆಲ್ಲಗೆ," ಎಂದಳು. ಅವನು ಮೆಲ್ಲಗೆ ಕಿತ್ತ.

ನಾನು ನಿಜವಾಗಿಯೂ ಹೇಳಲು ಹೋದೆ. ಹೇಳುವ ಅಗತ್ಯ ಬೀಳಲಿಲ್ಲ. ಕಚೇರಿಯ ಗೋಡೆಗಳು ಹಲಗೆಯವು. ನಾರು ಬಿಡಿಸುವ ಹೆಂಗಸೊಬ್ಬಳು ನಾನು ಹಾದುಹೋಗುವಾಗ ಕಾಲು ಹಿಂದಕ್ಕೆಳೆದುಕೊಂಡು ದಾರಿ ಕೊಟ್ಟಳು. ಎಂದಿಗಿಂತ ತುಸು ಹೆಚ್ಚೇ ದಾರಿ. ಆ ವಾರ ಮೂರು ದಿನದ ಕೆಲಸವೇ ಇತ್ತು. ಮುಂದಿನ ವಾರ ಎರಡಾಗಬಹುದೆಂದು ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಅಣ್ಣ ಯಂತ್ರದ ಬಳಿ ಬಂದ. ಹೊಸ ಅಂಗಿ ಕಳಚಿ ಹಳೆಯದನ್ನು ಹಾಕಿಕೊಂಡಿದ್ದ. ನನ್ನ ಕಡೆ ನೋಡದೆ ಮೇಸ್ತ್ರಿಯ ಎದುರು ನಿಂತ.

"ನಡುವೆ ತೆಳು ಅಂತ ನೀವು ಎಷ್ಟು ದಿನದಿಂದ ಹೇಳ್ತಿದ್ದೀರಿ?"

ಮೇಸ್ತ್ರಿ ಕೈಯೊರೆಸಿಕೊಂಡರು. "ನಿಮ್ಮಪ್ಪನ ಕಾಲದಿಂದ, ಸಣ್ಣ ಯಜಮಾನ್ರೇ."

"ಅಪ್ಪ ಏನಂತಿದ್ರು?"

"ಮಲಗೋರು ನಡುವೆ ತಾನೇ ಮಲಗೋದು, ತಗ್ಗಿದ್ರೆ ಉರುಳಿ ಬೀಳಲ್ಲ ಅಂತಿದ್ರು."

ಅಣ್ಣನ ಮುಖದಲ್ಲಿ ಏನೋ ಸಡಿಲಾಯಿತು. ಅದನ್ನು ನಗು ಎಂದು ಬರೆದರೆ ತಪ್ಪಾಗುತ್ತದೆ. ಅವನು ಮಡಿಸುವ ಯಂತ್ರದ ಓಟವನ್ನು ಬಹಳ ಹೊತ್ತು ನೋಡಿದ.

"ತಿರುಗೋ ಜಾಗದಲ್ಲಿ ಬೇಗ ತಿರುಗಿಸೋಕಾಗುತ್ತಾ?"

"ಒಂದೇ ಸಲಕ್ಕೆ ಜಾಸ್ತಿ ಮಾಡಿದ್ರೆ ಪದರ ಹರಿಯುತ್ತೆ. ಚೂರು ಚೂರು ಮಾಡಬೇಕು. ಇಲ್ಲಾಂದ್ರೆ ಅಂಚಿಗೆ ಬರೋವಾಗ ನಾರು ಕಮ್ಮಿ ಬಿಡಬೇಕು. ಅದಕ್ಕೆ ಬೇರೆ ಸಾಧನ ಬೇಕು."

"ಸಾಧನ ಆಮೇಲೆ. ಮೊದಲು ಚೂರು ಮಾಡಿ."

ಮೇಸ್ತ್ರಿ ಸ್ಪ್ಯಾನರ್ ತಂದರು. ಯಂತ್ರ ನಿಂತಿತು, ಮತ್ತೆ ಹೊರಟಿತು. ನಾಲ್ಕೂವರೆಗೆ ಹೊಸ ಬಟ್ಟೆ ಹತ್ತು ಮೀಟರ್ ಇಳಿದಿತ್ತು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತಲೆ ಓರೆ ಮಾಡಿದರು. ನಾನು ಉಪಕರಣ ತೆಗೆದುಕೊಂಡು ಹೋಗುವಷ್ಟರಲ್ಲಿ ಅಣ್ಣ ಗೋಡೆಯ ಮೊಳೆಯಿಂದ ಅಪ್ಪನ ದೊಡ್ಡ ಕತ್ತರಿಯನ್ನು ಇಳಿಸಿಕೊಂಡಿದ್ದ. ಬಟ್ಟೆಯ ಮುಂದೆ ಮಂಡಿಯೂರಿ ಕುಳಿತು, ಕತ್ತರಿಯನ್ನು ಅಂಚಿನ ಬಳಿ ಇಟ್ಟ. ಆಮೇಲೆ ಅದನ್ನು ಎತ್ತಿ, ನಡುವಿನವರೆಗೆ ಸರಿದು ಹೋಗಿ, ಅಲ್ಲಿ ಚುಚ್ಚಿ ಒಂದು ಚೌಕ ಕತ್ತರಿಸಿದ. ದುಂಡಗಿನ ಉಪಕರಣ ನನ್ನ ಕೈಯಲ್ಲಿದೆ ಎಂದು ನಾನು ಹೇಳಲಿಲ್ಲ.

ಚೌಕವನ್ನು ನನ್ನ ಕಡೆ ಚಾಚಿದ. ಒಳಗೆ ಹೋಗಿ ಅದರಲ್ಲೊಂದು ಬಿಲ್ಲೆ ತೆಗೆದು ತೂಗಿದೆ. ಇನ್ನೂರ ಎಪ್ಪತ್ತೊಂದು. ಇನ್ನೊಮ್ಮೆ ತೂಗಿದೆ. ಕಿಟಕಿಯಲ್ಲಿ ಇಬ್ಬರೂ ನಿಂತಿದ್ದರು.

"ಎಷ್ಟು?" ಎಂದ ಅಣ್ಣ.

ಹೇಳಿದೆ.

"ಬೆಳಿಗ್ಗೆ ಎಷ್ಟಿತ್ತು?"

"ಅರವತ್ತಮೂರು. ಇನ್ನೊಂದರಲ್ಲಿ ಅರವತ್ತು."

ಅವನು ತಲೆಯಾಡಿಸಿ ಯಂತ್ರದ ಕಡೆ ಹೋದ. ಮೇಸ್ತ್ರಿ ಸ್ಪ್ಯಾನರನ್ನು ಹೆಗಲಿಗೇರಿಸಿಕೊಂಡು ಅವನ ಹಿಂದೆ ನಡೆದರು. ನಾನು ಪುಸ್ತಕದ ಹೊಸ ಪುಟ ತೆರೆದು, ತಾರೀಕಿನ ಪಕ್ಕದಲ್ಲಿ ಇದುವರೆಗೆ ಇಲ್ಲದಿದ್ದ ಒಂದು ಅಂಕಣ ಎಳೆದು, ಅದರ ತಲೆಯ ಮೇಲೆ 'ತುಂಡು ತೆಗೆದ ಜಾಗ' ಎಂದು ಬರೆದೆ.